ಸರಿಯಾದ ಪಾಸ್‌ವರ್ಡ್, ತಪ್ಪೆಂಬ ಉತ್ತರ: ಡೈರೆಕ್ಟರಿ ಸರ್ವರ್ ಸಿಗದ ದಿನದ ಒಂದು ಲಾಗಿನ್ ಪ್ರಕರಣ

ಒಂದೇ ಸರ್ವರ್‌ನ ಕನ್ಸೋಲ್ (ಯಂತ್ರಕ್ಕೇ ನೇರವಾಗಿ ಜೋಡಿಸಿದ ಪರದೆ, ಕೀಬೋರ್ಡ್) ಮುಂದೆ ಮೂವರು ಒಬ್ಬರಾದ ಮೇಲೊಬ್ಬರು ಕುಳಿತು ತಮ್ಮ ಪಾಸ್‌ವರ್ಡ್ ಕೊಟ್ಟರು. ಶಾಖೆಯ ಆಪರೇಟರ್ ಒಳಗೆ ಹೋದರು. ಹಿರಿಯ ಆಡ್ಮಿನ್‌ಗೆ ಪ್ರವೇಶ ಸಿಗಲಿಲ್ಲ, ಕಿರಿಯ ಆಡ್ಮಿನ್‌ಗೂ ಸಿಗಲಿಲ್ಲ. ಆಡ್ಮಿನ್‌ಗಳಿಬ್ಬರೂ ಕೊಟ್ಟ ಪಾಸ್‌ವರ್ಡ್ ಸರಿಯಾದದ್ದೇ, ಇಬ್ಬರಿಗೂ ಪರದೆಯ ಮೇಲೆ ಬಂದ ಸಾಲೂ ಒಂದೇ: ಲಾಗಿನ್ ತಪ್ಪಾಗಿದೆ. ಆ ಒಂದು ಸಾಲಿನ ಹಿಂದೆ ಎರಡು ಬೇರೆ ಬೇರೆ ಕಾರಣಗಳಿದ್ದವು ಎಂಬುದು ತಿಳಿಯುವ ಹೊತ್ತಿಗೆ ಒಂದೂವರೆ ಗಂಟೆ ಕಳೆದಿತ್ತು, ಮತ್ತು ಅಷ್ಟರಲ್ಲಿ ನಮ್ಮವರೇ ಒಬ್ಬರು ಇನ್ನೊಂದು ಯಂತ್ರವನ್ನು ಇದಕ್ಕಿಂತ ಕೆಟ್ಟ ಸ್ಥಿತಿಗೆ ತಂದಿಟ್ಟಿದ್ದರು.

ಹಿನ್ನೆಲೆ ಸರಳವಾದದ್ದು. ಕೇಂದ್ರ ಕಚೇರಿಯಲ್ಲಿ ಡೈರೆಕ್ಟರಿ ಸರ್ವರ್, ಅಂದರೆ ಎಲ್ಲರ ಖಾತೆಗಳನ್ನು ಇಟ್ಟುಕೊಂಡ ಯಂತ್ರ, ಇತ್ತು. ಬಳಕೆದಾರರ ವಿವರಗಳು ಎಲ್‌ಡಿಎಪಿ ಎಂಬ ವಿಧಾನದ ಮೂಲಕವೂ ಪಾಸ್‌ವರ್ಡ್ ಪರಿಶೀಲನೆ ಕರ್ಬರೋಸ್ ಎಂಬ ವಿಧಾನದ ಮೂಲಕವೂ ಅಲ್ಲಿಂದಲೇ ಆಗುತ್ತಿದ್ದವು. ಶಾಖೆಯಲ್ಲಿದ್ದ 12 ಲಿನಕ್ಸ್ ಯಂತ್ರಗಳು ಒಂದು ಲಿಂಕ್ ಮೂಲಕ ಆ ಸರ್ವರನ್ನು ತಲುಪುತ್ತಿದ್ದವು, ಮತ್ತು ಪ್ರತಿ ಯಂತ್ರದಲ್ಲೂ ಎಸ್‌ಎಸ್‌ಎಸ್‌ಡಿ ಎಂಬ ಸೇವೆ ಮಧ್ಯವರ್ತಿಯಾಗಿ ನಿಂತು, ಡೈರೆಕ್ಟರಿಯಿಂದ ಬಂದದ್ದನ್ನು ಸ್ಥಳೀಯ ಕ್ಯಾಶ್‌ನಲ್ಲಿ (ಯಂತ್ರದಲ್ಲೇ ಇರುವ ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳುತ್ತಿತ್ತು. ಶಾಖೆಯ ಮುಖ್ಯ ಸರ್ವರ್ ಗೇಟ್‌ವೇ ಕೆಲಸವನ್ನೂ ಮಾಡುತ್ತಿತ್ತು; ಮುಖ್ಯ ಲಿಂಕ್ ಬಿದ್ದರೆ ಬದಲಿ ಸಂಪರ್ಕಕ್ಕೆ ಹೊರಳಿಸಲು ಯಾರಾದರೂ ಅದಕ್ಕೇ ಲಾಗಿನ್ ಆಗಿ ಸುಡೊ (ಆಡ್ಮಿನ್ ಅಧಿಕಾರದಿಂದ ಆದೇಶ ಓಡಿಸುವ ಸಾಧನ) ಮೂಲಕ ಒಂದು ಆದೇಶ ಕೊಡಬೇಕಿತ್ತು. ಅಂದರೆ ಲಿಂಕ್ ಸರಿಪಡಿಸಲು ಲಾಗಿನ್ ಬೇಕು, ಲಾಗಿನ್‌ಗೆ ಲಿಂಕ್ ಬೇಕು. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಿರುವ ಈ ಏರ್ಪಾಡು ವರ್ಷಗಟ್ಟಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ಹಿಂದೆ ಲಿಂಕ್ ಬಿದ್ದಾಗಲೆಲ್ಲ ಆ ಸರ್ವರ್‌ನಲ್ಲಿ ಯಾರದ್ದಾದರೂ ಸೆಷನ್ ತೆರೆದೇ ಇರುತ್ತಿತ್ತು.

ಆ ದಿನ ಲಿಂಕ್ ಒಮ್ಮೆಲೇ ಸಾಯಲಿಲ್ಲ. ಮೊದಲ ಅರ್ಧ ಗಂಟೆ ಪ್ಯಾಕೆಟ್‌ಗಳು ಕೆಲವು ಹೋಗುತ್ತಿದ್ದವು, ಕೆಲವು ಕಳೆದುಹೋಗುತ್ತಿದ್ದವು. ಹೀಗೆ ಅರ್ಧ ಜೀವ ಹಿಡಿದುಕೊಂಡ ಸಂಪರ್ಕವು ಪೂರ್ತಿ ಕಡಿದುಹೋದ ಸಂಪರ್ಕಕ್ಕಿಂತ ಹೆಚ್ಚು ಕಾಡುತ್ತದೆ. ಸರ್ವರ್ ಸಿಗುವುದಿಲ್ಲ ಎಂದು ಎಸ್‌ಎಸ್‌ಎಸ್‌ಡಿ ಖಚಿತಪಡಿಸಿಕೊಂಡ ಮೇಲೆಯೇ ಅದು ಆಫ್‌ಲೈನ್ ಸ್ಥಿತಿಗೆ ಹೋಗಿ ಕ್ಯಾಶ್‌ನಿಂದ ಉತ್ತರ ಕೊಡಲು ಶುರುಮಾಡುತ್ತದೆ. ಅಲ್ಲಿಯವರೆಗೆ ಹೆಸರು ಹುಡುಕಲು ಕೆಲವು ಸೆಕೆಂಡು, ಸಂಪರ್ಕ ಬೆಳೆಸಲು ಕೆಲವು ಸೆಕೆಂಡು, ಉತ್ತರಕ್ಕೆ ಕಾಯಲು ಮತ್ತೆ ಕೆಲವು ಸೆಕೆಂಡು ಎಂದು ಪ್ರತಿ ಲಾಗಿನ್ ಎಳೆದಾಡುತ್ತದೆ. ಹೀಗಾಗಿ ಮೊದಲು ಬಂದ ದೂರುಗಳು 'ಲಾಗಿನ್ ಆಗುತ್ತಿಲ್ಲ' ಎಂದಲ್ಲ, 'ಲಾಗಿನ್ ನಿಧಾನವಾಗಿದೆ' ಎಂದು. ನಂತರ ಲಿಂಕ್ ಪೂರ್ತಿ ಬಿತ್ತು, ಯಂತ್ರಗಳು ಆಫ್‌ಲೈನ್‌ಗೆ ಹೋದವು, ಮತ್ತು ಡೆಸ್ಕ್‌ಟಾಪ್‌ಗಳಲ್ಲಿ ಲಾಗಿನ್ ಮತ್ತೆ ಚುರುಕಾಯಿತು. ಸಮಸ್ಯೆ ತಾನಾಗಿಯೇ ತೀರಿತೆಂದು ಕೆಲವರು ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ತಾವು ಕ್ಯಾಶ್‌ನ ಬಲದಿಂದ ಒಳಗೆ ಬಂದಿದ್ದೇವೆ ಎಂಬ ಸೂಚನೆ ಅವರ ಪರದೆಯ ಮೇಲೆ ಕಾಣಿಸಿರಲೂ ಇಲ್ಲ. ಒಳಗೆ ಬಂದವರು ಹಂಚಿಕೆಯ ಫೋಲ್ಡರ್ ತೆರೆಯಲು ಹೋದಾಗ ಮಾತ್ರ ಅದು ನಿರಾಕರಿಸಿತು. ಆಫ್‌ಲೈನ್ ಲಾಗಿನ್‌ನಲ್ಲಿ ಕರ್ಬರೋಸ್ ಟಿಕೆಟ್ (ಬೇರೆ ಸೇವೆಗಳಿಗೆ ತೋರಿಸುವ ಗುರುತು) ಸಿಗುವುದಿಲ್ಲ, ಟಿಕೆಟ್ ಇಲ್ಲದೆ ಆ ಫೋಲ್ಡರ್ ತೆರೆಯುವುದಿಲ್ಲ.

ಹಿರಿಯ ಆಡ್ಮಿನ್ ಶಾಖೆಗೆ ಬಂದು ಸರ್ವರ್ ಕನ್ಸೋಲ್‌ನಲ್ಲಿ ಕುಳಿತಾಗ ನಾನು ಫೋನಿನ ಇನ್ನೊಂದು ತುದಿಯಲ್ಲಿದ್ದೆ. ಅವರ ಪಾಸ್‌ವರ್ಡ್ ಒಪ್ಪಲಿಲ್ಲ. ಆಪರೇಟರ್ ಲಾಗಿನ್ ಆಗಿ, ಹಿರಿಯರ ಹೆಸರು ಕೊಟ್ಟು ಐಡಿ ಆದೇಶ ಓಡಿಸಿದರೆ ಅವರ ಸಂಖ್ಯೆ, ಗುಂಪುಗಳು ಎಲ್ಲವೂ ಸರಿಯಾಗಿ ಬಂದವು. 'ಖಾತೆ ಕ್ಯಾಶ್‌ನಲ್ಲಿದೆ, ಆದ್ದರಿಂದ ಪಾಸ್‌ವರ್ಡೇ ತಪ್ಪಾಗಿರಬೇಕು' ಎಂದು ನಾನು ಹೇಳಿದೆ. ಈ ಪ್ರಕರಣದಲ್ಲಿ ನನ್ನಿಂದಾದ ಮೊದಲ ತಪ್ಪು ಅದು. ಅದರ ಬೆಲೆ ಅರ್ಧ ಗಂಟೆ, ಜೊತೆಗೆ ಒಬ್ಬ ಅನುಭವಿಯನ್ನು ಹತ್ತಾರು ಬಾರಿ ಅದೇ ಪಾಸ್‌ವರ್ಡ್ ಟೈಪ್ ಮಾಡಿಸಿದ ಮುಜುಗರ.

ತಪ್ಪು ಎಲ್ಲಿದೆಯೆಂದರೆ, ಖಾತೆಯ ಗುರುತು ಮತ್ತು ಪಾಸ್‌ವರ್ಡ್‌ನ ನೆನಪು ಕ್ಯಾಶ್‌ಗೆ ಬರುವುದು ಎರಡು ಬೇರೆ ದಾರಿಗಳಿಂದ. ಯಾರಾದರೂ ಒಂದು ಫೈಲ್‌ನ ಒಡೆಯರ ಹೆಸರು ಕೇಳಿದರೂ ಸಾಕು, ಎನ್‌ಎಸ್‌ಎಸ್ (ಹೆಸರುಗಳ ವಿವರ ಹುಡುಕುವ ವ್ಯವಸ್ಥೆ) ದಾರಿಯಲ್ಲಿ ಆ ಬಳಕೆದಾರರ ಹೆಸರು, ಸಂಖ್ಯೆ, ಗುಂಪು ಬಂದು ಕ್ಯಾಶ್‌ನಲ್ಲಿ ಕೂರುತ್ತವೆ. ಈ ನಮೂದಿನ ತಾಜಾತನದ ಅವಧಿ ಬೇರೆ ಹೇಳದಿದ್ದರೆ 5400 ಸೆಕೆಂಡು, ಅಂದರೆ 90 ನಿಮಿಷ. ಆದರೆ ಸರ್ವರ್ ಸಿಗದಿರುವಾಗ ಅವಧಿ ಮೀರಿದ ನಮೂದನ್ನೂ ಎಸ್‌ಎಸ್‌ಎಸ್‌ಡಿ ಕೊಡುತ್ತಲೇ ಇರುತ್ತದೆ. ಪಾಸ್‌ವರ್ಡ್‌ನ ಕಥೆ ಹಾಗಲ್ಲ. ಪಾಸ್‌ವರ್ಡ್ ಆಗಲಿ ಅದರ ಹ್ಯಾಶ್ (ಅದರಿಂದ ಲೆಕ್ಕಹಾಕಿದ, ಮರಳಿ ಬಿಡಿಸಲಾಗದ ಗುರುತು) ಆಗಲಿ ಡೈರೆಕ್ಟರಿಯಿಂದ ಇಳಿದು ಬರುವುದೇ ಇಲ್ಲ. ಬಳಕೆದಾರರು ಆ ಯಂತ್ರದಲ್ಲಿಯೇ, ಸರ್ವರ್ ಸಿಗುತ್ತಿರುವಾಗ, ಪ್ಯಾಮ್ (ಲಾಗಿನ್ ಪರಿಶೀಲಿಸುವ ವ್ಯವಸ್ಥೆ) ದಾರಿಯಲ್ಲಿ ಪಾಸ್‌ವರ್ಡ್ ಕೊಟ್ಟು, ಸರ್ವರ್ ಅದನ್ನು ಒಪ್ಪಿದ ಮೇಲೆ, ಯಂತ್ರವು ತಾನು ಕಂಡ ಆ ಪಾಸ್‌ವರ್ಡ್‌ಗೆ ಉಪ್ಪು (ಸಾಲ್ಟ್ ಎಂಬ ಯಾದೃಚ್ಛಿಕ ಅಕ್ಷರಗಳು) ಬೆರೆಸಿದ ಎಸ್‌ಎಚ್‌ಎ-512 ಹ್ಯಾಶ್ ಮಾಡಿ ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಆದ್ದರಿಂದ ಅದನ್ನು ಡೈರೆಕ್ಟರಿಯ ನಕಲು ಎನ್ನುವುದಕ್ಕಿಂತ ಆ ಯಂತ್ರದ ಸ್ವಂತ ನೆನಪು ಎನ್ನುವುದೇ ಸರಿ. ಪಕ್ಕದ ಯಂತ್ರಕ್ಕೆ ಆ ನೆನಪು ಇರುವುದಿಲ್ಲ. ಹೀಗಾಗಿ ಐಡಿ ಆದೇಶಕ್ಕೆ ಉತ್ತರ ಬಂತೆಂದರೆ ಖಾತೆಯ ಪರಿಚಯವಿದೆ ಎಂದಷ್ಟೇ ಅರ್ಥ.

ಅದೇ ಹೊತ್ತಿನಲ್ಲಿ ಶಾಖೆಯ ಇನ್ನೊಂದು ಕೋಣೆಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಡೆಸ್ಕ್‌ಟಾಪ್ ಒಂದರಲ್ಲಿ ತಮ್ಮ ಸೆಷನ್ ತೆರೆದಿಟ್ಟುಕೊಂಡಿದ್ದ ತಂತ್ರಜ್ಞರೊಬ್ಬರು, ಲಾಗಿನ್ ತೊಂದರೆ ಎಂದು ಕೇಳಿದ ತಕ್ಷಣ, ಎಲ್ಲರ ಬಾಯಲ್ಲೂ ಇರುವ ಮದ್ದನ್ನು ಪ್ರಯೋಗಿಸಿದರು: ಎಸ್‌ಎಸ್‌ಎಸ್‌ಡಿ ನಿಲ್ಲಿಸುವುದು, ಅದರ ಡಿಬಿ ಫೋಲ್ಡರ್‌ನಲ್ಲಿರುವ ಕ್ಯಾಶ್ ಫೈಲ್‌ಗಳನ್ನೆಲ್ಲ ಅಳಿಸುವುದು, ಸೇವೆಯನ್ನು ಮತ್ತೆ ಶುರುಮಾಡುವುದು. ಸರ್ವರ್ ಸಿಗುತ್ತಿರುವ ದಿನ ಇದು ಅನೇಕ ಬಾರಿ ಕೆಲಸ ಮಾಡುತ್ತದೆ, ಹಳಸಿದ ನಮೂದುಗಳು ಹೋಗಿ ಹೊಸವು ಬರುತ್ತವೆ, ಅದಕ್ಕೇ ಈ ಮದ್ದಿಗೆ ಇಷ್ಟು ಹೆಸರು. ಸರ್ವರ್ ಸಿಗದ ದಿನ ಇದಕ್ಕಿಂತ ದೊಡ್ಡ ಹಾನಿ ಮಾಡಲು ಸಾಧ್ಯವಿಲ್ಲ. ಆ ಯಂತ್ರದಲ್ಲಿ ಉಳಿದಿದ್ದ ಗುರುತುಗಳೂ ಹೋದವು, ಪಾಸ್‌ವರ್ಡ್ ನೆನಪುಗಳೂ ಹೋದವು. ಅವರದೇ ತೆರೆದ ಸೆಷನ್‌ನಲ್ಲಿ ಸುಡೊ ಕರೆದರೆ, ಬಳಕೆದಾರರ ಪಟ್ಟಿಯಲ್ಲಿ ನೀವು ಇಲ್ಲವೇ ಇಲ್ಲ ಎಂಬ ಅರ್ಥದ ಉತ್ತರ ಬಂತು. ಐದು ನಿಮಿಷದ ಹಿಂದೆ ಆ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಏಕೈಕ ಸೆಷನ್ ಹೀಗೆ ಕೈಕಟ್ಟಿ ಕುಳಿತಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎಸ್‌ಎಸ್‌ಎಸ್ ಕ್ಯಾಶ್ ಎಂಬ ಆದೇಶವನ್ನು ಇಂಗ್ಲಿಷಿನ ದೊಡ್ಡಕ್ಷರದ ಇ (-E) ಆಯ್ಕೆಯೊಡನೆ ಕೊಟ್ಟರೆ ಅದು ನಮೂದುಗಳನ್ನು ಅಳಿಸುವುದಿಲ್ಲ, ಅವಧಿ ಮೀರಿದವು ಎಂದು ಗುರುತು ಹಾಕುತ್ತದೆ ಅಷ್ಟೇ. ಸರ್ವರ್ ಸಿಕ್ಕಾಗ ಅವು ಹೊಸದಾಗಿ ಬರುತ್ತವೆ. ಫೈಲ್ ಅಳಿಸುವುದು ಬೇರೆಯೇ ಕೆಲಸ. ಎರಡನ್ನೂ ಜನ 'ಕ್ಯಾಶ್ ಕ್ಲಿಯರ್ ಮಾಡುವುದು' ಎಂದೇ ಕರೆಯುವುದರಿಂದ, ಫೋನಿನಲ್ಲಿ ಸಲಹೆ ಕೊಡುವವರು ಯಾವುದನ್ನು ಉದ್ದೇಶಿಸಿದ್ದಾರೆ ಎಂಬುದು ಕೇಳುವವರಿಗೆ ಗೊತ್ತಾಗುವುದಿಲ್ಲ. ನಾನಂತೂ ಆ ದಿನದಿಂದ ಆ ಮಾತನ್ನು ಬಳಸುವುದನ್ನೇ ಬಿಟ್ಟಿದ್ದೇನೆ.

ದಾರಿ ತೋರಿಸಿದ್ದು ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ. ಆಪರೇಟರ್‌ಗೆ ಸುಡೊ ಅಧಿಕಾರ ಇರಲಿಲ್ಲವಾದರೂ ಜರ್ನಲ್ ಎಂಬ ಆ ದಾಖಲೆ ಓದುವ ಗುಂಪಿನಲ್ಲಿ ಅವರ ಹೆಸರಿತ್ತು. ಪ್ಯಾಮ್ ಎಸ್‌ಎಸ್‌ಎಸ್ ಎಂಬ ಘಟಕ ಬರೆದ ಸಾಲುಗಳನ್ನು ಓದಿ ಹೇಳಿ ಎಂದು ಕೇಳಿದೆ. ಹಿರಿಯ ಆಡ್ಮಿನ್‌ನ ಪ್ರತಿ ವಿಫಲ ಪ್ರಯತ್ನದ ಎದುರೂ 9 ಎಂಬ ಸಂಖ್ಯೆ ಇತ್ತು. ಅಷ್ಟರಲ್ಲಿ ಕಿರಿಯ ಆಡ್ಮಿನ್ ಕೂಡ ಬಂದು ಪ್ರಯತ್ನಿಸಿ ಸೋತಿದ್ದರು. ಅವರ ಹೆಸರಿನ ಎದುರು 7 ಇತ್ತು. ಲಿನಕ್ಸ್ ಪ್ಯಾಮ್‌ನಲ್ಲಿ 7 ಎಂದರೆ ದೃಢೀಕರಣ ವಿಫಲವಾಯಿತು, ಅಂದರೆ ಹೋಲಿಸಲು ಏನೋ ಇತ್ತು, ಹೋಲಿಸಿದಾಗ ತಾಳೆಯಾಗಲಿಲ್ಲ. 9 ಎಂದರೆ ದೃಢೀಕರಣಕ್ಕೆ ಬೇಕಾದ ಮಾಹಿತಿಯೇ ಸಿಗಲಿಲ್ಲ, ಅಂದರೆ ಹೋಲಿಸಲು ಏನೂ ಇರಲಿಲ್ಲ. ಕ್ಯಾಶ್ ಅಳಿಸಿದ ಡೆಸ್ಕ್‌ಟಾಪ್‌ನಲ್ಲಿ ನಂತರ ನೋಡಿದಾಗ ಸಿಕ್ಕಿದ್ದು 10, ಅಂದರೆ ಇಂಥ ಬಳಕೆದಾರರೇ ಗೊತ್ತಿಲ್ಲ. ಪರದೆಯ ಮೇಲೆ ಈ ಮೂರಕ್ಕೂ ಒಂದೇ ಮುಖ. ಹೊರಗಿನವರಿಗೆ ಹೆಚ್ಚು ತಿಳಿಯದಿರಲಿ ಎಂಬ ಕಾರಣಕ್ಕೆ ಲಾಗಿನ್ ಪರದೆ ವಿವರ ಕೊಡದಿರುವುದು ಸರಿಯೇ, ಆದರೆ ತೊಂದರೆ ಹುಡುಕುವವರು ಪರದೆಯನ್ನೇ ಸಾಕ್ಷಿಯಾಗಿ ನಂಬಬಾರದು.

ಈ ಸಂಖ್ಯೆಗಳು ಕೈಗೆ ಬಂದ ಮೇಲೆ ಹಿರಿಯರನ್ನು ಕನ್ಸೋಲ್‌ನಿಂದ ಎಬ್ಬಿಸಬಹುದಾಯಿತು. ಈ ಯಂತ್ರದಲ್ಲಿ ಅವರ ಪಾಸ್‌ವರ್ಡ್‌ನ ನೆನಪೇ ಇಲ್ಲದಿರುವಾಗ ಎಷ್ಟು ಬಾರಿ ಟೈಪ್ ಮಾಡಿದರೂ ಫಲವಿಲ್ಲ. ಆಸೆ ಇದ್ದದ್ದು 7ರಲ್ಲಿ. ಕಿರಿಯರ ಯಾವುದೋ ಒಂದು ಪಾಸ್‌ವರ್ಡ್ ಯಂತ್ರಕ್ಕೆ ನೆನಪಿದೆ, ಅವರು ಈಗ ಕೊಡುತ್ತಿರುವುದು ಅದಲ್ಲ. 'ಇತ್ತೀಚೆಗೆ ಪಾಸ್‌ವರ್ಡ್ ಬದಲಾಯಿಸಿದಿರಾ?' ಎಂದು ಕೇಳಿದೆ. ನಾಲ್ಕು ದಿನದ ಹಿಂದೆ ಕೇಂದ್ರ ಕಚೇರಿಯ ಯಂತ್ರವೊಂದರಲ್ಲಿ ಬದಲಾಯಿಸಿದ್ದರು. ಈ ಸರ್ವರ್‌ನ ಕನ್ಸೋಲ್‌ಗೆ ಅವರು ಕೊನೆಯ ಬಾರಿ ಪಾಸ್‌ವರ್ಡ್ ಕೊಟ್ಟು ಬಂದದ್ದು ಸುಮಾರು ಮೂರು ವಾರದ ಹಿಂದೆ. 'ಹಾಗಾದರೆ ಹಳೆಯದನ್ನು ಕೊಟ್ಟು ನೋಡಿ' ಎಂದೆ. 'ಅದು ಈಗ ನಡೆಯುವುದಿಲ್ಲವಲ್ಲ ಸರ್' ಎಂದರು. ಡೈರೆಕ್ಟರಿಯಲ್ಲಿ ನಡೆಯುವುದಿಲ್ಲ ನಿಜ, ಆದರೆ ಬದಲಾದ ಸುದ್ದಿ ಈ ಯಂತ್ರದ ಕಿವಿಗೆ ಬಿದ್ದಿಲ್ಲ. ಹಳೆಯ ಪಾಸ್‌ವರ್ಡ್ ಕೊಟ್ಟರು, ಒಳಗೆ ಹೋದರು. ಬದಲಿ ಸಂಪರ್ಕಕ್ಕೆ ಹೊರಳಿಸುವ ಆದೇಶ ಕೊಡಲು ಒಂದು ನಿಮಿಷವೂ ಬೇಕಾಗಲಿಲ್ಲ.

ಕೆಲಸವಾಯಿತು ಎಂಬ ಸಮಾಧಾನದ ಜೊತೆಗೆ ಒಂದು ಅಳುಕೂ ಇತ್ತು. ಕಿರಿಯರು ಪಾಸ್‌ವರ್ಡ್ ಬದಲಾಯಿಸಿದ್ದು ನಿಯಮದಂತೆ ಅವಧಿ ಮುಗಿದದ್ದಕ್ಕೆ. ಹಳೆಯದು ಯಾರಿಗೋ ಸೋರಿಹೋಗಿದೆ ಎಂಬ ಕಾರಣಕ್ಕೆ ಬದಲಾಯಿಸಿದ್ದರೂ ಫಲಿತಾಂಶ ಇದೇ ಆಗುತ್ತಿತ್ತು: ಸೋರಿಹೋದ ಪಾಸ್‌ವರ್ಡ್ ಆಫ್‌ಲೈನ್ ಯಂತ್ರದಲ್ಲಿ ಬಾಗಿಲು ತೆರೆಯುತ್ತಿತ್ತು. ಕೆಲಸ ಬಿಟ್ಟುಹೋದವರ ಖಾತೆಯನ್ನು ಡೈರೆಕ್ಟರಿಯಲ್ಲಿ ನಿಷ್ಕ್ರಿಯಗೊಳಿಸಿದ ಮಾತೂ ಹಾಗೆಯೇ. ನೆಟ್‌ವರ್ಕ್ ಕೇಬಲ್ ಕಿತ್ತ ಯಂತ್ರಕ್ಕೆ ಆ ನಿರ್ಧಾರ ತಲುಪುವುದಿಲ್ಲ.

ಬದಲಿ ಸಂಪರ್ಕ ಬಂದ ಮೇಲೂ ಕೆಲವು ಯಂತ್ರಗಳು ಆಫ್‌ಲೈನ್‌ನಲ್ಲೇ ಕುಳಿತಿದ್ದವು, ಮತ್ತು ಇದು ಮತ್ತೊಂದು ಸುತ್ತಿನ ಗಾಬರಿಗೆ ಕಾರಣವಾಯಿತು. ಆಫ್‌ಲೈನ್‌ಗೆ ಹೋದ ಎಸ್‌ಎಸ್‌ಎಸ್‌ಡಿ ಮೊದಲು ಸುಮಾರು 60 ಸೆಕೆಂಡಿಗೆ ಸರ್ವರ್ ಬಂದಿದೆಯೇ ಎಂದು ನೋಡುತ್ತದೆ. ಸಿಗದಿದ್ದರೆ ಕಾಯುವ ಅವಧಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ, ಹೊಸ ಆವೃತ್ತಿಗಳಲ್ಲಿ ಅದರ ಮೇಲ್ಮಿತಿ 3600 ಸೆಕೆಂಡು. ಯಂತ್ರದ ಸ್ವಂತ ನೆಟ್‌ವರ್ಕ್ ಕಾರ್ಡ್ ಬಿದ್ದು ಎದ್ದಿದ್ದರೆ ಅದು ತಕ್ಷಣ ಎಚ್ಚರಗೊಳ್ಳುತ್ತಿತ್ತು, ಆದರೆ ಇಲ್ಲಿ ಕಡಿದದ್ದು ದೂರದ ಲಿಂಕ್; ಯಂತ್ರದ ಮಟ್ಟಿಗೆ ಏನೂ ಬದಲಾಗಿರಲಿಲ್ಲ. ಎಸ್‌ಎಸ್‌ಎಸ್‌ಡಿಗೆ ಯೂಸರ್-2 ಸಿಗ್ನಲ್ ಕಳುಹಿಸಿದರೆ ಅದು ಕಾಯದೆ ಆನ್‌ಲೈನ್‌ಗೆ ಬರಲು ಪ್ರಯತ್ನಿಸುತ್ತದೆ. ಹಾಗೆ ಮಾಡಿದೆವು, ಬಂದವು.

ಇನ್ನು ಉಳಿದದ್ದು ಹಿರಿಯರ ಒಗಟು. ಆ ಸರ್ವರ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವರೇ ಅವರು, ದಿನಕ್ಕೆ ಹಲವು ಬಾರಿ ಒಳಗೆ ಹೋಗಿ ಬಂದವರು. ಅವರ ನೆನಪೇ ಯಂತ್ರಕ್ಕೆ ಇಲ್ಲವೆಂದರೆ ಹೇಗೆ? ಕ್ಯಾಶ್ ಫೈಲನ್ನು ಎಲ್‌ಡಿಬಿ ಸರ್ಚ್ ಸಾಧನದಿಂದ ತೆರೆದು ನೋಡಿದೆವು. ಕಿರಿಯರ ಹಾಗೂ ಆಪರೇಟರ್‌ರ ನಮೂದುಗಳಲ್ಲಿ ಕ್ಯಾಶ್ಡ್ ಪಾಸ್‌ವರ್ಡ್ ಎಂಬ ಅಂಶವಿತ್ತು. ಹಿರಿಯರ ನಮೂದಿನಲ್ಲಿ ಹೆಸರು, ಗುಂಪುಗಳೆಲ್ಲ ಇದ್ದವು, ಆ ಅಂಶ ಮಾತ್ರ ಇರಲಿಲ್ಲ. ಅಳಿದುಹೋದದ್ದಲ್ಲ, ಎಂದೂ ಬಂದೇ ಇರಲಿಲ್ಲ. ಕಾರಣ ಅವರ ಒಳ್ಳೆಯ ಅಭ್ಯಾಸ. ಅವರು ಯಾವಾಗಲೂ ಕೇಂದ್ರ ಕಚೇರಿಯ ತಮ್ಮ ಯಂತ್ರದಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವಿಧಾನ) ಕೀ, ಅಂದರೆ ಪಾಸ್‌ವರ್ಡ್ ಬದಲಿಗೆ ನಡೆಯುವ ಗುರುತಿನ ಫೈಲ್, ಬಳಸಿ ಬರುತ್ತಿದ್ದರು. ಕೀ ಮೂಲಕ ಬಂದಾಗ ಗುರುತನ್ನು ಪರೀಕ್ಷಿಸುವುದು ಎಸ್‌ಎಸ್‌ಎಚ್ ಸೇವೆಯೇ. ಪ್ಯಾಮ್‌ನ ದೃಢೀಕರಣ ಹಂತ ನಡೆಯುವುದಿಲ್ಲ, ಖಾತೆಗೆ ಪ್ರವೇಶಾಧಿಕಾರ ಇದೆಯೇ ಎಂಬಂಥ ನಂತರದ ಹಂತಗಳಷ್ಟೇ ನಡೆಯುತ್ತವೆ. ಪಾಸ್‌ವರ್ಡ್ ಯಂತ್ರವನ್ನು ಮುಟ್ಟುವುದೇ ಇಲ್ಲ. ಸುಡೊ ಪಾಸ್‌ವರ್ಡ್ ಕೇಳಿದ್ದರೆ ಆ ದಾರಿಯಿಂದಲಾದರೂ ಹ್ಯಾಶ್ ಬಂದು ಕೂರುತ್ತಿತ್ತು, ಆದರೆ ಆಡ್ಮಿನ್ ಗುಂಪಿಗೆ ಪಾಸ್‌ವರ್ಡ್ ಕೇಳದ ಸುಡೊ ನಿಯಮ ಹಾಕಲಾಗಿತ್ತು. ಹೀಗೆ ಎರಡೂ ಬಾಗಿಲಿನಲ್ಲಿ ಪಾಸ್‌ವರ್ಡ್ ಕೇಳುವವರೇ ಇಲ್ಲದೆ, ಆ ಸರ್ವರ್‌ನ ಅತ್ಯಂತ ಹಳೆಯ ಬಳಕೆದಾರರು ಪಾಸ್‌ವರ್ಡ್‌ನ ಮಟ್ಟಿಗೆ ಅದಕ್ಕೆ ಅಪರಿಚಿತರಾಗಿಯೇ ಉಳಿದಿದ್ದರು. ಅವರ ಕೀ ಇದ್ದ ಲ್ಯಾಪ್‌ಟಾಪ್ ಆ ದಿನ ಜೊತೆಗಿದ್ದಿದ್ದರೆ, ಶಾಖೆಯ ಒಳಗಿನ ನೆಟ್‌ವರ್ಕ್ ಸರಿಯಾಗಿಯೇ ಇದ್ದುದರಿಂದ, ಅವರು ಮೊದಲ ಹತ್ತು ನಿಮಿಷದಲ್ಲೇ ಎಸ್‌ಎಸ್‌ಎಚ್ ಮೂಲಕ ಒಳಗಿರುತ್ತಿದ್ದರು. ಮರುದಿನ ಇದನ್ನು ಪರೀಕ್ಷಿಸಿ ಖಚಿತಪಡಿಸಿಕೊಂಡೆವು: ಎಸ್‌ಎಸ್‌ಎಸ್‌ಡಿಯನ್ನು ಆಫ್‌ಲೈನ್‌ಗೆ ತಳ್ಳಿದ ಸ್ಥಿತಿಯಲ್ಲಿ ಕೀ ಮೂಲಕ ಅವರಿಗೆ ಪ್ರವೇಶ ಸಿಕ್ಕಿತು, ಕನ್ಸೋಲ್‌ನಲ್ಲಿ ಅದೇ 9.

ಪರಿಹಾರಗಳ ಬಗ್ಗೆ ನಮ್ಮಲ್ಲಿ ಒಮ್ಮತ ಸುಲಭವಾಗಿ ಬರಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದಾಗಲೆಲ್ಲ ಪ್ರತಿಯೊಬ್ಬ ಆಡ್ಮಿನ್ ಪ್ರತಿ ಸರ್ವರ್‌ಗೂ ಒಮ್ಮೆ ಕನ್ಸೋಲ್ ಲಾಗಿನ್ ಮಾಡಿ ಬರಬೇಕು ಎಂಬುದು ಮೊದಲ ಸಲಹೆ. ಕಾಗದದ ಮೇಲೆ ಚೆನ್ನಾಗಿದೆ, ಆದರೆ ಮನುಷ್ಯರ ನೆನಪಿನ ಮೇಲೆ ನಿಂತ ಏರ್ಪಾಡು ಎರಡನೇ ತಿಂಗಳಿಗೇ ಸಡಿಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಕೊನೆಗೆ ಪ್ರತಿ ಸರ್ವರ್‌ನಲ್ಲೂ ಡೈರೆಕ್ಟರಿಗೆ ಸಂಬಂಧವಿಲ್ಲದ ಒಂದು ಸ್ಥಳೀಯ ತುರ್ತು ಖಾತೆಯನ್ನು ಮಾಡಿದೆವು. ಅದರ ಹ್ಯಾಶ್ ಆ ಯಂತ್ರದ ಶ್ಯಾಡೋ ಫೈಲ್‌ನಲ್ಲೇ ಇರುತ್ತದೆ, ಅದನ್ನು ಪರೀಕ್ಷಿಸಲು ಯಾವ ಸರ್ವರ್‌ನ ಒಪ್ಪಿಗೆಯೂ ಬೇಡ. ಪಾಸ್‌ವರ್ಡ್ ಪ್ರತಿ ಯಂತ್ರಕ್ಕೂ ಬೇರೆ, ಮೊಹರು ಮಾಡಿದ ಲಕೋಟೆಯಲ್ಲಿ ಶಾಖೆಯಲ್ಲೇ, ಬಳಸಿದರೆ ಬದಲಾಯಿಸಬೇಕು. ಸುಡೊಗೆ ಪಾಸ್‌ವರ್ಡ್ ಕೇಳುವ ನಿಯಮವನ್ನೂ ಮರಳಿ ತಂದೆವು. ಅದು ಭದ್ರತೆಗೆ ಒಳ್ಳೆಯದು, ಜೊತೆಗೆ ಆಡ್ಮಿನ್‌ಗಳ ಹ್ಯಾಶ್ ದಿನನಿತ್ಯದ ಕೆಲಸದ ನಡುವೆ ತಾನಾಗಿಯೇ ತಾಜಾ ಆಗುತ್ತಿರುತ್ತದೆ. ಶಾಖೆಯಲ್ಲೇ ಡೈರೆಕ್ಟರಿಯ ಒಂದು ಪ್ರತಿಕೃತಿ ಸರ್ವರ್ ಇಡುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. 12 ಯಂತ್ರಗಳಿಗಾಗಿ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಯಲ್ಲಿ ಅದು ನಿಂತಿದೆ.

ಹೆಚ್ಚು ಚರ್ಚೆಯಾದದ್ದು ಗಡುವಿನ ಬಗ್ಗೆ. ಆಫ್‌ಲೈನ್‌ನಲ್ಲಿ ಕ್ಯಾಶ್‌ನ ಪಾಸ್‌ವರ್ಡ್ ಎಷ್ಟು ದಿನ ನಡೆಯಬೇಕು ಎಂಬುದಕ್ಕೆ ಎಸ್‌ಎಸ್‌ಎಸ್‌ಡಿಯ ಪೂರ್ವನಿಯೋಜಿತ ಮೌಲ್ಯ 0, ಅಂದರೆ ಮಿತಿಯೇ ಇಲ್ಲ. ದಿನಗಳು ಎಣಿಕೆಯಾಗುವುದು ಕೊನೆಯ ಯಶಸ್ವಿ ಆನ್‌ಲೈನ್ ಲಾಗಿನ್‌ನಿಂದ. ಆಫ್‌ಲೈನ್‌ನಲ್ಲಿ ಎಷ್ಟು ತಪ್ಪು ಪ್ರಯತ್ನಗಳಿಗೆ ಅವಕಾಶ ಎಂಬುದಕ್ಕೂ 0, ಅಲ್ಲಿಯೂ ಮಿತಿಯಿಲ್ಲ ಎಂದೇ ಅರ್ಥ. ಎರಡೇ ದಿನಕ್ಕೆ ಇಳಿಸಬೇಕೆಂದು ಭದ್ರತೆಯವರು, ತಿಂಗಳಾದರೂ ಇರಲಿ ಎಂದು ಶಾಖೆಯವರು. ಲ್ಯಾಪ್‌ಟಾಪ್‌ಗಳಿಗೆ 14 ದಿನ, ಸರ್ವರ್‌ಗಳಿಗೆ 30 ದಿನ, ತಪ್ಪು ಪ್ರಯತ್ನಗಳಿಗೆ 5 ಎಂದು ತೀರ್ಮಾನವಾಯಿತು. ಈ ಅಂಕಿಗಳ ಹಿಂದೆ ಯಾವ ಶಾಸ್ತ್ರವೂ ಇಲ್ಲ. ಕಳೆದುಹೋಗಬಹುದಾದ ಯಂತ್ರಕ್ಕೆ ಕಡಿಮೆ, ಬೀಗ ಹಾಕಿದ ಕೋಣೆಯಲ್ಲಿರುವುದಕ್ಕೆ ಹೆಚ್ಚು ಎಂಬ ಲೆಕ್ಕವಷ್ಟೇ.

ವಿಂಡೋಸ್ ಯಂತ್ರಗಳನ್ನು ನೋಡಿಕೊಳ್ಳುವ ಸಹೋದ್ಯೋಗಿಗಳು ಇದನ್ನೆಲ್ಲ ಕೇಳಿ, ತಮ್ಮಲ್ಲಿ ಹತ್ತು ಲಾಗಿನ್ ಆದ ಮೇಲೆ ಕ್ಯಾಶ್ ತಾನಾಗಿಯೇ ಮುಗಿಯುತ್ತದೆ ಎಂದರು. ಇದು ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ. ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ವಿನ್‌ಲಾಗಾನ್ ಕೀಯ ಅಡಿಯಲ್ಲಿರುವ ಕ್ಯಾಶ್ಡ್ ಲಾಗಾನ್ಸ್ ಕೌಂಟ್ ಮೌಲ್ಯ ಸಾಮಾನ್ಯವಾಗಿ 10, ಅದನ್ನು 0ಯಿಂದ 50ರವರೆಗೆ ಇಡಬಹುದು. ಆದರೆ ಆ 10 ಎಂಬುದು ಎಷ್ಟು ಮಂದಿ ಬೇರೆ ಬೇರೆ ಬಳಕೆದಾರರ ನೆನಪು ಇಡಬೇಕು ಎಂಬುದರ ಎಣಿಕೆ, ಎಷ್ಟು ಬಾರಿ ಲಾಗಿನ್ ಆಗಬಹುದು ಎಂಬುದರದ್ದಲ್ಲ. ಹನ್ನೊಂದನೆಯವರು ಬಂದಾಗ ಹಳೆಯ ನಮೂದೊಂದು ಜಾಗ ಬಿಡುತ್ತದೆ. ದಿನಗಳ ಗಡುವು ಅಲ್ಲಿ ಇಲ್ಲ. ಸಂರಕ್ಷಿತ ಬಳಕೆದಾರರ ಗುಂಪಿಗೆ ಸೇರಿಸಿದ ಖಾತೆಗಳಿಗೆ ಮಾತ್ರ ಈ ನೆನಪು ಉಳಿಯುವುದೇ ಇಲ್ಲ. ಭದ್ರತೆಗೆಂದು ಆಡ್ಮಿನ್‌ಗಳನ್ನೆಲ್ಲ ಆ ಗುಂಪಿಗೆ ಸೇರಿಸಿದ ಕಡೆ ನಮ್ಮ ಹಿರಿಯರಿಗಾದ ಅನುಭವವೇ ಬೇರೆ ದಾರಿಯಿಂದ ಎದುರಾಗುತ್ತದೆ.

ಎಲ್ಲ ಬದಲಾವಣೆಗಳಾದ ಮೇಲೆ ಒಂದು ಮಧ್ಯಾಹ್ನ ತಾಲೀಮು ಮಾಡಿದೆವು. ಪ್ರತಿ ಯಂತ್ರದ ಎಸ್‌ಎಸ್‌ಎಸ್‌ಡಿಗೂ ಯೂಸರ್-1 ಸಿಗ್ನಲ್ ಕಳುಹಿಸಿದರೆ ಅದು ಸರ್ವರ್ ಸಿಗದಂತೆ ವರ್ತಿಸುತ್ತದೆ, ಲಿಂಕ್ ಕೀಳಬೇಕಾಗಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಕನ್ಸೋಲ್‌ನಲ್ಲಿ ಲಾಗಿನ್ ಆಗಿ ನೋಡಿದರು. 11 ಯಂತ್ರಗಳು ನಿರೀಕ್ಷೆಯಂತೆ ನಡೆದವು. ಹನ್ನೆರಡನೆಯದರಲ್ಲಿ ಯಾರಿಗೂ ಪ್ರವೇಶ ಸಿಗಲಿಲ್ಲ, ಎಲ್ಲರಿಗೂ 9. ಉಳಿದವನ್ನು ಡೊಮೇನ್‌ಗೆ (ಡೈರೆಕ್ಟರಿಯ ವ್ಯಾಪ್ತಿಗೆ) ಸೇರಿಸಿದ್ದ ಸಾಧನವು ಪಾಸ್‌ವರ್ಡ್ ಕ್ಯಾಶ್ ಮಾಡುವ ಸಾಲನ್ನು ತಾನೇ ಬರೆದುಕೊಂಡಿತ್ತು. ಈ ಯಂತ್ರದ ಸಂರಚನೆಯನ್ನು ಮಾತ್ರ ಹಿಂದೊಮ್ಮೆ ಯಾರೋ ಕೈಯಿಂದ ಬರೆದಿದ್ದರು, ಆ ಸಾಲು ಬಿಟ್ಟುಹೋಗಿತ್ತು. ಎಸ್‌ಎಸ್‌ಎಸ್‌ಡಿಯಲ್ಲಿ ಆ ಸಾಲು ಇಲ್ಲದಿದ್ದರೆ ಪಾಸ್‌ವರ್ಡ್ ಕ್ಯಾಶ್ ಆಗುವುದಿಲ್ಲ. ಸಾಲು ಸೇರಿಸಿ, ಸೇವೆಯನ್ನು ಮತ್ತೆ ಶುರುಮಾಡಿ, ಸರ್ವರ್ ಸಿಗುತ್ತಿರುವಾಗಲೇ ಎಲ್ಲರಿಂದ ಒಮ್ಮೆ ಲಾಗಿನ್ ಮಾಡಿಸಿ, ಮತ್ತೆ ಯೂಸರ್-1 ಸಿಗ್ನಲ್ ಕಳುಹಿಸಿ ನೋಡಿದೆವು. ಈ ಬಾರಿ ಹಿರಿಯ ಆಡ್ಮಿನ್ ಮೊದಲು ಕುಳಿತರು, ಒಂದೇ ಪ್ರಯತ್ನಕ್ಕೆ ಒಳಗೆ ಹೋದರು.